ಕಿವಿ ಮೊದಲು, ಕೊರಳು ಆಮೇಲೆ: ಧಾರವಾಡ ಸೀಮೆಯ ಖಯಾಲ್ ಗಾಯಕರಲ್ಲಿ ಕಸುಬಿನ ಒಲವು ಬೆಳೆದ ಬಗೆ

ಸಂಗೀತಗಾರರ ಜೀವನಚರಿತ್ರೆ ಬರೆಯುವವರು ಸಾಮಾನ್ಯವಾಗಿ ಒಂದೇ ಜಾಡು ಹಿಡಿಯುತ್ತಾರೆ. ಮಗುವಿಗೆ ಹುಟ್ಟಿನಿಂದಲೇ ಸಂಗೀತದ ಒಲವು. ಆ ಒಲವೇ ಮಗುವನ್ನು ಗುರುವಿನ ಮನೆ ಬಾಗಿಲಿಗೆ ಕರೆದೊಯ್ಯುತ್ತದೆ. ಗುರು ತಿದ್ದಿ ತೀಡುತ್ತಾನೆ. ಎಂಥ ಕಷ್ಟ ಬಂದರೂ ಒಲವು ದಾಟಿಸುತ್ತದೆ. ಒಲವು ಮೊದಲು, ದುಡಿಮೆ ಆಮೇಲೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಧಾರವಾಡ ಸೀಮೆಯಲ್ಲಿ ಖಯಾಲ್ ಕಲಿತವರ ದಿನಗಳನ್ನು ಬಿಡಿಬಿಡಿಯಾಗಿ ಪರಿಶೀಲಿಸಿದರೆ ಈ ಕ್ರಮ ತಿರುವುಮುರುವಾಗುತ್ತದೆ ಎಂಬುದು ಈ ಲೇಖನದ ವಾದ. ಅವರನ್ನು ಮೊದಲು ಎಳೆದದ್ದು ಬೇರೆ ಬೇರೆ ಸೆಳೆತಗಳು: ರಂಗದ ಬೆಳಕು, ಗ್ರಾಮಫೋನ್ ತಟ್ಟೆ, ಮನೆತನದ ಕಸುಬು, ಹೊಟ್ಟೆಪಾಡು. ಕಸುಬಿನ ಮೇಲಿನ ಒಲವು ಹುಟ್ಟಿದ್ದು ತಡವಾಗಿ, ತಾಲೀಮಿನ ನಡುವೆ, ಕಲಿಯುವವನ ಕಿವಿ ಅವನ ಕೊರಳನ್ನು ಹಿಂದೆ ಹಾಕಿದ ಘಟ್ಟದಲ್ಲಿ.

ಈ ಘಟ್ಟವನ್ನು ಇನ್ನಷ್ಟು ಸ್ಪಷ್ಟಪಡಿಸಬೇಕು. ಕಲಿಕೆಯ ಮೊದಲ ವರ್ಷಗಳಲ್ಲಿ ಶಿಷ್ಯನಿಗೆ ತನ್ನ ದನಿ ಚೆನ್ನಾಗಿಯೇ ಕೇಳಿಸುತ್ತದೆ. ತಪ್ಪು ಕೇಳಿಸುವುದು ಗುರುವಿಗೆ ಮಾತ್ರ. ಕಾಲ ಕಳೆದಂತೆ ಗುರುವಿನ ಕಿವಿ ಶಿಷ್ಯನೊಳಗೆ ಬಂದು ಕೂರುತ್ತದೆ. ಆಗ ಶಿಷ್ಯನಿಗೆ ತನ್ನ ಹಾಡೇ ಸಹಿಸಲಾಗದಂತಾಗುತ್ತದೆ. ಏನು ಬೇಕೆಂದು ಕಿವಿಗೆ ಗೊತ್ತು, ಕೊರಳು ಅಲ್ಲಿಗೆ ಮುಟ್ಟದು. ಕಲಿಯುವುದನ್ನು ಬಿಟ್ಟುಹೋಗುವವರಲ್ಲಿ ಬಹಳಷ್ಟು ಮಂದಿ ಇಲ್ಲೇ ಬಿಡುತ್ತಾರೆ. ಉಳಿಯುವವರಲ್ಲಿ ಒಂದು ಬದಲಾವಣೆ ಕಾಣುತ್ತದೆ: ಹಾಡಿ ಮೆಚ್ಚಿಸುವ ಆಸೆ ಹಿಂದೆ ಸರಿದು, ಆ ಸ್ವರವನ್ನು ಸರಿಯಾಗಿ ಹಚ್ಚಬೇಕೆಂಬ ಹಂಬಲ ಮುಂದೆ ಬರುತ್ತದೆ. ನಾನು ಇಲ್ಲಿ ಒಲವು ಎನ್ನುವುದು ಈ ಹಂಬಲವನ್ನು. ಸಂಗೀತ ಕೇಳಿ ಕಣ್ಣು ಒದ್ದೆಯಾಗುವುದು ಒಳ್ಳೆಯದೇ. ಆದರೆ ಅದು ಕೇಳುಗರೆಲ್ಲರಿಗೂ ಬರುವ ಭಾಗ್ಯ. ಕಸುಬುದಾರನ ಒಲವಿನ ಸ್ವರೂಪ ಬೇರೆ.

ಈ ಅಧ್ಯಯನಕ್ಕೆ ಮುಖ್ಯ ಆಧಾರ ಗಾಯಕರೇ ಹೇಳಿಕೊಂಡ ಬದುಕು: ಮಲ್ಲಿಕಾರ್ಜುನ ಮನಸೂರರ ‘ನನ್ನ ರಸಯಾತ್ರೆ’, ಗಂಗೂಬಾಯಿ ಹಾನಗಲ್ಲರ ‘ನನ್ನ ಬದುಕಿನ ಹಾಡು’, ಜೊತೆಗೆ ಅವರ ಧ್ವನಿಮುದ್ರಿಕೆಗಳು. ಆತ್ಮಕಥನವನ್ನು ಆಧಾರವಾಗಿ ಬಳಸುವಾಗ ಒಂದು ಎಚ್ಚರ ಬೇಕು. ಎಪ್ಪತ್ತು ದಾಟಿದ ಕಲಾವಿದ ಹಿಂದಿರುಗಿ ನೋಡುವಾಗ, ಎಷ್ಟೋ ವರ್ಷಗಳ ಮೇಲೆ ಹುಟ್ಟಿದ ಒಲವನ್ನು ಬಾಲ್ಯಕ್ಕೂ ಹಚ್ಚಿಬಿಡುವುದು ಸಹಜ. ಆದ್ದರಿಂದ ಅವರು ತಮ್ಮ ಭಾವನೆಯ ಬಗ್ಗೆ ಹೇಳುವುದಕ್ಕಿಂತ, ಅಂದು ಏನು ಮಾಡಿದರು, ಯಾರ ಮುಂದೆ ಕೂತರು, ಏನನ್ನು ಬಿಟ್ಟರು ಎಂಬುದಕ್ಕೆ ಹೆಚ್ಚು ಬೆಲೆ ಕೊಟ್ಟಿದ್ದೇನೆ. ಅದರಲ್ಲೂ ಏನನ್ನು ಬಿಟ್ಟರು ಎಂಬುದಕ್ಕೆ.

ಮೊದಲ ಸೆಳೆತಗಳು

ಹಿಂದುಸ್ತಾನಿ ಸಂಗೀತ ಈ ಸೀಮೆಗೆ ಬಂದ ದಾರಿ ಎಲ್ಲರಿಗೂ ತಿಳಿದದ್ದೇ. ಧಾರವಾಡ ಅಂದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮೈಸೂರು ಅರಮನೆಯ ಕರೆಯ ಮೇಲೆ ಹೋಗಿಬರುತ್ತಿದ್ದ ಉತ್ತರದ ಉಸ್ತಾದರಿಗೆ ಹುಬ್ಬಳ್ಳಿ ಧಾರವಾಡಗಳು ದಾರಿಯ ತಂಗುದಾಣ. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರು ಹೀಗೆಯೇ ಇಲ್ಲಿಯವರಿಗೆ ಪರಿಚಿತರಾದರು. ಭಾಸ್ಕರಬುವಾ ಬಖಲೆಯವರು ಕೆಲಕಾಲ ಧಾರವಾಡದಲ್ಲೇ ಸಂಗೀತ ಕಲಿಸುತ್ತಿದ್ದರು. ಇವರಿಗಿಂತ ಹೆಚ್ಚಾಗಿ ಹಳ್ಳಿಯ ಹುಡುಗರ ಕಿವಿಗೆ ಸಂಗೀತ ಮುಟ್ಟಿಸಿದ್ದು ಕನ್ನಡ, ಮರಾಠಿ ನಾಟಕ ಕಂಪನಿಗಳು.

ಮಲ್ಲಿಕಾರ್ಜುನ ಮನಸೂರರ ಮೊದಲ ಪಾಠಶಾಲೆ ರಂಗಭೂಮಿಯೇ. ಧಾರವಾಡದ ಪಕ್ಕದ ಮನಸೂರಿನ ರೈತ ಮನೆತನದ ಹುಡುಗ, ಅಣ್ಣ ಬಸವರಾಜ ನಾಟಕದವನು, ತಮ್ಮನಿಗೆ ಒಳ್ಳೆಯ ಕಂಠ. ಬಾಲನಟನಾಗಿ ಹಾಡಿದಾಗ ಬಂದ ಚಪ್ಪಾಳೆಯೇ ಹುಡುಗನಿಗೆ ಬೇಕಾದದ್ದು. ಅಪ್ಪಯ್ಯಸ್ವಾಮಿಗಳು ಆ ಕಂಠ ಕೇಳಿ ಮೊದಲು ಕರ್ನಾಟಕ ಪದ್ಧತಿಯ ಪಾಠ ಹೇಳಿದರು; ಅನಂತರ ಮಿರಜಿನ ನೀಲಕಂಠಬುವಾ ಆಲೂರಮಠರು ಗ್ವಾಲಿಯರ್ ಪದ್ಧತಿಯ ತಾಲೀಮು ಕೊಟ್ಟರು. ಭೀಮಸೇನ ಜೋಶಿಯವರನ್ನು ಎಳೆದದ್ದು ಒಂದು ತಟ್ಟೆ. ಅಬ್ದುಲ್ ಕರೀಮ್ ಖಾನರ ಝಿಂಝೋಟಿ ಠುಮರಿಯನ್ನು ಕೇಳಿ 1933ರಲ್ಲಿ, 11ರ ವಯಸ್ಸಿನಲ್ಲಿ, ಮನೆ ಬಿಟ್ಟು ಹೋದ ಹುಡುಗ ಗ್ವಾಲಿಯರ್, ಕಲಕತ್ತಾ, ಜಲಂಧರ ಎಂದು ಅಲೆದು, ಕೊನೆಗೆ ತನ್ನೂರಿನ ಹತ್ತಿರದ ಕುಂದಗೋಳದಲ್ಲೇ ಗುರುವನ್ನು ಕಂಡುಕೊಂಡದ್ದು ಪ್ರಸಿದ್ಧ ಸಂಗತಿ. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಶಿವಪುತ್ರ, ಅಂದರೆ ಕುಮಾರ ಗಂಧರ್ವ, ಇನ್ನೂ ಮುಂದೆ ಹೋದರು: ಹತ್ತು ವರ್ಷ ತುಂಬುವ ಹೊತ್ತಿಗೇ ಹಿರಿಯರ ತಟ್ಟೆಗಳನ್ನು ಹಾಗೆಹಾಗೆಯೇ ಹಾಡಿ ಊರೂರಿನ ಸಭೆಗಳನ್ನು ಬೆರಗುಗೊಳಿಸುತ್ತಿದ್ದರು.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಕತೆ ಇವೆಲ್ಲಕ್ಕಿಂತ ಭಿನ್ನ. ಹಾನಗಲ್ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಊಟದ ಜೊತೆಗೆ ಸಂಗೀತವನ್ನೂ ಕೊಟ್ಟರು; ಪುಟ್ಟರಾಜ ಗವಾಯಿಗಳು ಅದನ್ನು 2010ರವರೆಗೆ ನಡೆಸಿಕೊಂಡು ಬಂದರು. ಅಲ್ಲಿಗೆ ಬಂದ ಎಲ್ಲ ಮಕ್ಕಳೂ ಸಂಗೀತಕ್ಕೆ ಮನಸೋತು ಬಂದವರಲ್ಲ. ಕಣ್ಣಿಲ್ಲದ ಮಗನಿಗೆ ಬದುಕಲು ಒಂದು ವಿದ್ಯೆ ಬೇಕು ಎಂದು ತಂದೆತಾಯಿ ತಂದು ಬಿಟ್ಟ ಮಕ್ಕಳೂ ಇದ್ದರು. ಅಂಥವರೂ ಒಳ್ಳೆಯ ಗಾಯಕರಾಗಿ, ತಬಲಾವಾದಕರಾಗಿ, ಪುರಾಣ ಹೇಳುವವರಾಗಿ, ಜೀವಮಾನವಿಡೀ ಆ ವಿದ್ಯೆಯನ್ನು ಪ್ರೀತಿಸಿದರು. ಒಲವೇ ಕಲಿಕೆಯ ಬೀಜ ಎನ್ನುವವರಿಗೆ ಪುಣ್ಯಾಶ್ರಮವನ್ನು ವಿವರಿಸುವುದು ಕಷ್ಟವಾಗುತ್ತದೆ.

ಕುಂದಗೋಳದ ಮೂರು ರಾಗಗಳು

ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರು (1886–1952), ಅಬ್ದುಲ್ ಕರೀಮ್ ಖಾನರ ಶಿಷ್ಯರು, ಮರಾಠಿ ರಂಗಭೂಮಿಯ ಹೆಸರಾಂತ ನಟರು. ಕುಂದಗೋಳದಲ್ಲಿ ಅವರು ಕಲಿಸಿದ ರೀತಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ಒಲವು ಬೆಳೆಯುವ ಬಗೆ ನನಗೆ ಇಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

1936ರಿಂದ ಅಲ್ಲಿದ್ದ ಭೀಮಸೇನ ಜೋಶಿಯವರು ಮುಖ್ಯವಾಗಿ ಕಲಿತದ್ದು ಮೂರು ರಾಗಗಳನ್ನು: ಬೆಳಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಗುರು ಇವನ್ನೇ ಆರಿಸಿಕೊಂಡದ್ದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ, ಇವು ದಿನದ ಮೂರು ಹೊತ್ತಿನ ದೊಡ್ಡ ರಾಗಗಳು ಎಂಬುದು. ಅದು ನಿಜ. ಆದರೆ ಬೆಳಗಿಗೆ ಭೈರವ ಇತ್ತು, ಸಂಜೆಗೆ ಯಮನ್ ಇತ್ತು. ಹೊಸಬನಿಗೆ ಅವೇ ಸುಲಭ. ಈ ಮೂರನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಮೂರರಲ್ಲೂ ರಿಷಭ ಕೋಮಲ, ಮಧ್ಯಮ ತೀವ್ರ, ನಿಷಾದ ಶುದ್ಧ. ತೋಡಿ ಮುಲ್ತಾನಿಗಳಲ್ಲಂತೂ ಏಳೂ ಸ್ವರಗಳು ಒಂದೇ, ಕರ್ನಾಟಕ ಪದ್ಧತಿಯವರಿಗೆ ಪರಿಚಿತವಾದ ಶುಭಪಂತುವರಾಳಿಯ ಸ್ವರಗಳು. ಪೂರಿಯಾದಲ್ಲಿ ಗಾಂಧಾರ ಧೈವತಗಳು ಶುದ್ಧವಾಗುತ್ತವೆ, ಪಂಚಮ ಬಿಟ್ಟುಹೋಗುತ್ತದೆ.

ಆ ಕೋಮಲ ರಿಷಭವೊಂದನ್ನೇ ಹಿಂಬಾಲಿಸಿ. ತೋಡಿಯಲ್ಲಿ ಅದು ಗಾಂಧಾರದ ಕಡೆಗೆ ವಾಲಿದೆ. ಗಾಂಧಾರವೂ ಬಹಳ ಇಳಿದದ್ದು, ಎರಡೂ ಒಂದರ ಮೈಗೊಂದು ಅಂಟಿಕೊಂಡಂತಿರುತ್ತವೆ. ಮುಲ್ತಾನಿಯಲ್ಲಿ ಏರುವಾಗ ರಿಷಭಕ್ಕೆ ಜಾಗವೇ ಇಲ್ಲ. ನಿಷಾದ ಷಡ್ಜಗಳಿಂದ ನೇರ ಗಾಂಧಾರಕ್ಕೆ, ಅದೂ ತೀವ್ರ ಮಧ್ಯಮದ ಸೋಂಕಿನಿಂದ ಹೋಗಬೇಕು. ಇಳಿಯುವಾಗ ಮಾತ್ರ ರಿಷಭ ಸುಳಿದು ಷಡ್ಜದಲ್ಲಿ ಕರಗುತ್ತದೆ. ಅಲ್ಲಿ ಒಂದು ಕ್ಷಣ ಹೆಚ್ಚು ನಿಂತರೂ ತೋಡಿ ಇಣುಕುತ್ತದೆ. ಪೂರಿಯಾದಲ್ಲಿ ಷಡ್ಜವನ್ನು ಆಗಾಗ ದಾಟಿ, ಮಂದ್ರ ನಿಷಾದದಿಂದ ರಿಷಭಕ್ಕೆ, ರಿಷಭದಿಂದ ಗಾಂಧಾರಕ್ಕೆ ನಡೆ. ರಿಷಭದ ಮೇಲೆ ಭಾರ ಹೆಚ್ಚಾದರೆ ರಾಗ ಮಾರವಾದ ಕಡೆಗೆ ಜಾರುತ್ತದೆ. ಮಾರವಾ ಪೂರಿಯಾಗಳ ಸ್ವರಗಳೂ ಒಂದೇ ಆದ್ದರಿಂದ ಅಲ್ಲಿ ಕಾಪಾಡುವುದು ಕಿವಿಯೊಂದೇ.

ಈ ಮೂರನ್ನು ವರ್ಷಗಟ್ಟಲೆ ದಿನವೂ ಹಾಡಿದ ಹುಡುಗನಿಗೆ ಆಗುವುದೇನು? ಬೆಳಗಿನ ರಿಷಭವನ್ನು ಕಿವಿಯಲ್ಲಿಟ್ಟುಕೊಂಡೇ ಅವನು ಮಧ್ಯಾಹ್ನ ಅದನ್ನು ತಡೆಯಬೇಕು, ಸಂಜೆ ಅದನ್ನೇ ಬೇರೆ ತೂಕದಲ್ಲಿ ಹಚ್ಚಬೇಕು. ರಾಗಗಳ ಸಂಖ್ಯೆ ಕಡಿಮೆಯಾದಷ್ಟೂ ಗಮನ ಸ್ವರದ ಒಳಕ್ಕೆ ಇಳಿಯುತ್ತದೆ. ಸವಾಯಿ ಗಂಧರ್ವರು ಹೀಗೆ ಲೆಕ್ಕ ಹಾಕಿಯೇ ಕಲಿಸಿದರು ಎಂದು ನಾನು ಸಾಧಿಸುತ್ತಿಲ್ಲ. ಪರಂಪರೆಯಿಂದ ಬಂದದ್ದನ್ನು ಅವರು ಮುಂದುವರಿಸಿರಬಹುದು. ಪರಿಣಾಮ ಮಾತ್ರ ಭೀಮಸೇನರ ಗಾಯನದಲ್ಲಿ ಕೊನೆಯವರೆಗೂ ಇದೆ. ಅವರ ತಾನಿನ ವೇಗಕ್ಕೆ, ಎದೆ ತುಂಬಿದ ದನಿಗೆ ಜನ ಮಾರುಹೋದರು. ಅವರು ಜೀವಮಾನವಿಡೀ ಮರಳಿ ಮರಳಿ ಹಾಡಿದ್ದಾದರೂ ಇವೇ ಮೊದಲಾದ ಕೆಲವೇ ರಾಗಗಳನ್ನು.

ಇದನ್ನು ಬರಿಯ ತರ್ಕವಾಗಿ ಬಿಡದೆ, ಧಾರವಾಡದ ಒಂದು ಮನೆಯಲ್ಲಿ ಕೂತು ನೋಡಿದ್ದನ್ನು ದಾಖಲಿಸುತ್ತೇನೆ. ಕಿರಾಣಾ ಪದ್ಧತಿಯಲ್ಲಿ ಕಲಿಸುವ ಹಿರಿಯರು, ಪದವಿ ಓದುತ್ತಿರುವ ಒಬ್ಬ ಶಿಷ್ಯೆ. ಸಂಜೆಯ ಪೂರಿಯಾ. ಪಂಚಮವಿಲ್ಲದ ರಾಗವಾದ್ದರಿಂದ ತಂಬೂರಿಯ ಮೊದಲ ತಂತಿಯನ್ನು ಮಂದ್ರ ನಿಷಾದಕ್ಕೆ ಹೊಂದಿಸಬೇಕು. ಬಿರಡೆ ತಿರುವಿ, ಮಣಿ ಸರಿಸಿ, ಕುದುರೆಯ ಮೇಲೆ ತಂತಿಯ ಕೆಳಗಿನ ದಾರವನ್ನು ಕೂದಲೆಳೆಯಷ್ಟು ಆಚೀಚೆ ಮಾಡಿ ಜೀವಾಳಿ ತೆರೆಯುವಷ್ಟರಲ್ಲಿ ಬಹಳ ಹೊತ್ತೇ ಹಿಡಿಯಿತು. ಪಾಠದ ಅರ್ಧ ಅದೇ ಎನ್ನಬೇಕು. ಆಮೇಲೆ ನಿಷಾದ, ರಿಷಭ, ಗಾಂಧಾರ. ಗುರುಗಳು ಹೇಳುತ್ತಿದ್ದದ್ದು ಒಂದೇ ಮಾತು: “ಇನ್ನೊಮ್ಮೆ ಹಚ್ಚವಾ.” ವಿವರಣೆ ಇಲ್ಲ, ಗದರಿಕೆಯೂ ಇಲ್ಲ. ಹಲವು ಸಲ ಹೀಗೆ ನಡೆದ ಮೇಲೆ ಒಮ್ಮೆ ಅವರು ಬಾಯಿ ತೆರೆಯುವ ಮೊದಲೇ ಹುಡುಗಿ ನಿಲ್ಲಿಸಿ, “ತಡೀರಿ ಸರ, ಏರೇತಿ” ಎಂದಳು. ರಿಷಭ ನಿಜವಾಗಿಯೂ ಒಂದೆಳೆ ಏರಿತ್ತು. ಅವರು ತಲೆಯಾಡಿಸಿ ಸುಮ್ಮನಾದರು. ಅಲ್ಲಿಂದ ಮುಂದೆ ಆ ಸಂಜೆ ಯಾರೂ ಇನ್ನೊಮ್ಮೆ ಎನ್ನಬೇಕಾಗಲಿಲ್ಲ. ಅವಳೇ ಮತ್ತೆ ಮತ್ತೆ ಅದೇ ಜಾಗಕ್ಕೆ ಹೋಗುತ್ತಿದ್ದಳು, ಹೊರಗೆ ಕತ್ತಲಾದದ್ದರ ಪರಿವೆ ಇಲ್ಲದೆ. ಮೇಲೆ ಹೇಳಿದ ಘಟ್ಟಕ್ಕೆ ನಾನು ಪ್ರತ್ಯಕ್ಷ ಕಂಡ ಸಾಕ್ಷಿ ಇದು. ತಪ್ಪನ್ನು ತಾನೇ ಹಿಡಿದ ಮೇಲೆ ಅದನ್ನು ತಿದ್ದುವ ಕೆಲಸ ಹೊರಗಿನ ಹೇರಿಕೆಯಾಗಿ ಉಳಿಯುವುದಿಲ್ಲ.

ಗಂಗೂಬಾಯಿ: ಬಿಟ್ಟದ್ದರ ಲೆಕ್ಕ

ಗಂಗೂಬಾಯಿ ಹಾನಗಲ್ (1913–2009) ಅವರಿಗೆ ಸಂಗೀತ ಮನೆತನದಿಂದ ಬಂದದ್ದು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳು ಹಿಂದುಸ್ತಾನಿಯತ್ತ ಒಲಿದಾಗ ಅವಳ ಕಿವಿ ಕಲಬೆರಕೆಯಾಗಬಾರದೆಂದು ತಾವು ಹಾಡುವುದನ್ನೇ ನಿಲ್ಲಿಸಿದರು. ಕಿವಿಯ ವಿಷಯದಲ್ಲಿ ಆ ತಾಯಿಗಿದ್ದ ತಿಳಿವಳಿಕೆ ದೊಡ್ಡದು. ಮಗಳ ಒಲವಿನ ಚರಿತ್ರೆಯನ್ನು ತಾಯಿಯ ಈ ಮೌನದಿಂದಲೇ ಶುರುಮಾಡಬೇಕು ಎಂದು ನನಗೆ ಅನ್ನಿಸುತ್ತದೆ.

1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಬಾಲಕಿಗೆ 1928ರಲ್ಲಿ ಕುಟುಂಬ ಹುಬ್ಬಳ್ಳಿಗೆ ಬಂದ ಮೇಲೆ ಕೃಷ್ಣಾಚಾರ್ಯ ಹುಲಗೂರರು ಪಾಠ ಹೇಳಿದರು. ಅಲ್ಪ ಕಾಲದಲ್ಲಿ ಬೇಕಾದಷ್ಟು ಚೀಜುಗಳು ಬಾಯಿಗೆ ಬಂದವು. ಮುಂಬಯಿಯಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ತಟ್ಟೆಗಳೂ ಹೊರಬಂದವು. ಆ ತಟ್ಟೆಗಳಲ್ಲಿರುವುದು ತೆಳುವಾದ, ಎತ್ತರದ, ಇಂಪಾದ ಹೆಣ್ಣುದನಿ. ಅವನ್ನು ಕೇಳಿ ಆಮೇಲಿನ ಗಂಗೂಬಾಯಿಯವರನ್ನು ಕೇಳಿದವರು ಇಬ್ಬರೂ ಒಬ್ಬರೇ ಎಂದು ನಂಬುವುದಿಲ್ಲ. ಗಂಟಲಿನ ಚಿಕಿತ್ಸೆಯ ತರುವಾಯ ದನಿ ತಗ್ಗಿತು, ಒರಟಾಯಿತು, ಗಂಡುದನಿಯ ಗಾತ್ರಕ್ಕೆ ಬಂತು.

ಇಂಪಿನಿಂದ ಸಿಗುತ್ತಿದ್ದ ಸುಲಭದ ಸುಖ ಆಗ ಕೈಬಿಟ್ಟಿತು. ಕೇಳುಗರ ಮೆಚ್ಚುಗೆಯೇ ಅವರ ಒಲವಿನ ಮೂಲವಾಗಿದ್ದರೆ ಅವರ ಸಂಗೀತ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಅವರ ಹೆಸರು ನಿಂತಿರುವುದೇ ಈ ಮುರಿದ ದನಿಯ ಮೇಲೆ. ಕಾರಣ ಕುಂದಗೋಳ. ಸವಾಯಿ ಗಂಧರ್ವರ ಬಳಿ ನಿರಂತರವಾಗಿ ಕಲಿಯತೊಡಗಿದಾಗ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿ ರಾತ್ರಿ ಮರಳುತ್ತಿದ್ದರು. ಜೊತೆಗೆ ಸೋದರಮಾವ ರಾಮಣ್ಣ. ಹುಡುಗ ಭೀಮಸೇನ ಸ್ಟೇಷನ್ನಿನವರೆಗೆ ಕಳಿಸಿಬರುತ್ತಿದ್ದದ್ದೂ ಉಂಟು. ಮನೆಯಲ್ಲಿ ಮಕ್ಕಳು, ಕೈಯಲ್ಲಿ ಕಾಸಿಲ್ಲ, ಹಾಡಿನ ಮನೆತನದ ಹೆಣ್ಣೆಂದು ಬೀದಿಯಲ್ಲಿ ಕೊಂಕುಮಾತು. ಇಷ್ಟನ್ನೂ ದಾಟಿ ಬಂದು ಕೂತರೆ ಗುರು ಕೊಡುತ್ತಿದ್ದದ್ದು ಸ್ವರಗಳ ಒಂದು ಸಣ್ಣ ಗುಚ್ಛ. ಅದು ಸರಿ ಬರುವವರೆಗೆ ಇನ್ನೊಂದಿಲ್ಲ. ಬೇಗ ಬೇಗ ಚೀಜು ಕಲಿತ ಹೆಣ್ಣುಮಗಳಿಗೆ ಇದು ಮೊದಮೊದಲು ಎಷ್ಟು ಕಷ್ಟವೆನಿಸಿರಬೇಕು! ಕಿರಾಣಾದ ವಿಲಂಬಿತದಲ್ಲಿ ಒಂದೊಂದೇ ಸ್ವರವನ್ನು ಕೇಂದ್ರವಾಗಿಟ್ಟುಕೊಂಡು, ಸುತ್ತಲಿನ ಸ್ವರಗಳನ್ನು ಅದರ ಬಳಿಗೆ ತಂದು, ಆಮೇಲಷ್ಟೇ ಮುಂದಿನದಕ್ಕೆ ಕಾಲಿಡುವುದು. ಈ ನಡೆಗೆ ಇಂಪಾದ ದನಿ ಬೇಕಿಲ್ಲ. ಅಲುಗದ ದನಿ ಬೇಕು.

1945ರ ಸುಮಾರಿಗೆ ಅವರು ಠುಮರಿ, ಭಜನೆಗಳನ್ನು ಕೈಬಿಟ್ಟರು. ಆಮೇಲೆ ಖಯಾಲ್ ಹೊರತು ಬೇರೇನೂ ಹಾಡಲೊಪ್ಪಲಿಲ್ಲ. ಈ ನಿರ್ಧಾರವನ್ನು ನಾನು ನಿರ್ಣಾಯಕ ಸಾಕ್ಷಿಯಾಗಿ ಪರಿಗಣಿಸುತ್ತೇನೆ. ಹಾಡಿಯೇ ಸಂಸಾರ ಸಾಗಿಸಬೇಕಿದ್ದ ಹೆಂಗಸು, ಸಭೆಗೆ ಬೇಗ ಹಿಡಿಸುವ, ಹಣ ತರುವ ಪ್ರಕಾರಗಳನ್ನು ತಾನಾಗಿ ಬಿಟ್ಟುಕೊಟ್ಟರೆ, ಅಲ್ಲಿ ಒಲವಿನ ಗುರಿ ಬದಲಾಗಿದೆ ಎಂದೇ ಅರ್ಥ. ಮುಂದಿನ ಅರ್ಧ ಶತಮಾನ ಅವರು ಮಾರವಾ, ಶುದ್ಧ ಕಲ್ಯಾಣ, ಅಭೋಗಿ, ಚಂದ್ರಕೌಂಸ್ ಮುಂತಾದ ಆಯ್ದ ರಾಗಗಳಲ್ಲೇ ಇದ್ದರು. ಮಗಳು ಕೃಷ್ಣಾ 2004ರಲ್ಲಿ ತೀರಿಕೊಳ್ಳುವವರೆಗೆ ಪಕ್ಕದಲ್ಲಿ ಕೂತು ದನಿಗೂಡಿಸಿದರು.

ಮತ್ತೆ ಶಿಷ್ಯನಾಗುವುದು, ಹಾಡದೆ ಕಲಿಯುವುದು

ಮನಸೂರರ ಉದಾಹರಣೆ ಇದಕ್ಕೆ ಇನ್ನೊಂದು ಮುಖ ಕೊಡುತ್ತದೆ. ಗ್ವಾಲಿಯರ್ ಪದ್ಧತಿಯ ಭದ್ರ ತಾಲೀಮು ಮುಗಿಸಿ ಗಾಯಕನೆಂದು ಹೆಸರು ಮಾಡತೊಡಗಿದ ಮೇಲೆ ಅವರು ಜಯಪುರ ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜೀಖಾನರ ಶಿಷ್ಯತ್ವ ಪಡೆದರು. ಗ್ವಾಲಿಯರ್ ಕಲಿತವನಿಗೆ ಜಯಪುರ ಒಂದು ಮುಂದಿನ ಪಾಠವೆಂದು ತಿಳಿಯಬಾರದು. ಬಹಳಷ್ಟನ್ನು ಕಳಚಬೇಕಾಗುತ್ತದೆ. ನೇರ ಏರಿ ಇಳಿಯುವ ತಾನಿಗೆ ರೂಢಿಯಾದ ಕೊರಳು, ಜಯಪುರದ ಸುತ್ತುಬಳಸಿನ ತಾನನ್ನು ಹಿಡಿಯಬೇಕು. ಪ್ರತಿ ಸ್ವರಸಮೂಹವೂ ತಾಳದ ಮಾತ್ರೆಗಳ ಮೇಲೆ ಒರಗಿಕೊಂಡೇ ನಡೆಯಬೇಕು. ಬಸಂತಿ ಕೇದಾರದಂಥ ಜೋಡುರಾಗದಲ್ಲಿ ಬಸಂತ ಎಲ್ಲಿ ಮುಗಿದು ಕೇದಾರ ಎಲ್ಲಿ ಹುಟ್ಟಿತೆಂಬ ಬೆಸುಗೆ ಕಾಣದಂತೆ ಹಾಡಬೇಕು. ಸಭೆಯಲ್ಲಿ ಗೆದ್ದವನು ಮನೆಯ ಮೂಲೆಯಲ್ಲಿ ಮತ್ತೆ ತೊದಲಬೇಕು.

ಮಂಜೀಖಾನರು 1937ರಲ್ಲಿ ಅಕಾಲದಲ್ಲಿ ತೀರಿಕೊಂಡರು. ಸಿಕ್ಕಷ್ಟು ಸಾಕೆಂದು ಮನಸೂರರು ನಿಲ್ಲಬಹುದಿತ್ತು. ನಿಲ್ಲದೆ, ಅವರ ತಮ್ಮ ಭೂರ್ಜೀಖಾನರ ಬಳಿ ತಾಲೀಮು ಮುಂದುವರಿಸಿದರು. ಒಂದು ಸಲ ಹೊಸಬನಾಗುವುದಕ್ಕೆ ಆಸೆ ಸಾಕು. ಹೆಸರು ಬಂದ ಮೇಲೆ ಮತ್ತೆ ಹೊಸಬನಾಗಲು ಬೇರೆ ಬಲ ಬೇಕು, ಆ ಬಲ ಕಿವಿಯಿಂದಲೇ ಬರಬೇಕು. ತಾನು ಹಾಡುತ್ತಿರುವುದಕ್ಕಿಂತ ಮಿಗಿಲಾದದ್ದೊಂದನ್ನು ಕೇಳಿಬಿಟ್ಟವನಿಗೆ ಹಳೆಯದರಲ್ಲಿ ನೆಮ್ಮದಿ ಸಿಗದು. ಮನಸೂರರ ಕಡೆಗಾಲದ ಧ್ವನಿಮುದ್ರಿಕೆಗಳಲ್ಲಿ ಕಾಣುವ ಆತುರ, ಒಂದು ಉಸಿರು ಮುಗಿಯುವ ಮೊದಲೇ ಇನ್ನೊಂದು ವಿಚಾರ ಹುಟ್ಟುವ ಆ ತವಕ, ಶಿಷ್ಯವೃತ್ತಿಯನ್ನು ಎಂದೂ ಮುಗಿಸದವನ ತವಕ. ಖಟ್, ಬಹಾದುರಿ ತೋಡಿ, ಏಕನಿಷಾದ ಬಿಹಾಗಡಾದಂಥ ಅಪರೂಪದ ರಾಗಗಳಲ್ಲೂ, ವಚನ ಹಾಡುವಾಗಲೂ, 1992ರಲ್ಲಿ ತೀರಿಕೊಳ್ಳುವವರೆಗೆ ಅದು ಆರಲಿಲ್ಲ.

ಕುಮಾರ ಗಂಧರ್ವರದು ಈ ವಾದಕ್ಕೆ ಕಠಿಣ ಪರೀಕ್ಷೆ. ಬಾಲಪ್ರತಿಭೆಯೆಂದು ಹೆಸರಾದ ಹುಡುಗ ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಮುಂಬಯಿಯಲ್ಲಿ ಬಿ.ಆರ್. ದೇವಧರರ ಶಿಷ್ಯನಾದ. ಅವರ ಕಿವಿ ಮೊದಲಿನಿಂದಲೂ ಅಸಾಧಾರಣ. ಕೊರಳು ಅದಕ್ಕೆ ಸಮನಾಗಿ ಓಡುತ್ತಿತ್ತು. ಎರಡರ ನಡುವೆ ಅಂತರವೇ ಇಲ್ಲದವನಲ್ಲಿ ನಾನು ಹೇಳುವ ಘಟ್ಟ ಹೇಗೆ ಬರಬೇಕು? ಅದು ಕ್ಷಯರೋಗದ ರೂಪದಲ್ಲಿ ಬಂತು. 1948ರಲ್ಲಿ ಹವೆ ಬದಲಿಸಲು ಮಾಳವದ ದೇವಾಸಕ್ಕೆ ಹೋದವರಿಗೆ ಐದಾರು ವರ್ಷ ಹಾಡುವುದು ನಿಷಿದ್ಧವಾಯಿತು. ಹಾಸಿಗೆಯಲ್ಲಿ ಮಲಗಿ ಕೇಳಿದ್ದು ಬೀದಿಯಲ್ಲಿ ಹೋಗುವವರ ಹಾಡು, ಹೆಂಗಸರ ಹಬ್ಬದ ಹಾಡು. ಕೊರಳು ಕಟ್ಟಿತ್ತು, ಕಿವಿ ಮಾತ್ರ ನಡೆದಿತ್ತು. ಒಂದು ಶ್ವಾಸಕೋಶ ಹಾಳಾಗಿ, ಮತ್ತೆ ವೇದಿಕೆಗೆ ಬಂದಾಗ ಅವರ ಗಾಯನ ಯಾರದೂ ಅನುಕರಣೆಯಾಗಿರಲಿಲ್ಲ. ಸಣ್ಣ ಸಣ್ಣ ಉಸಿರು, ಅವುಗಳ ನಡುವಿನ ಮೌನ, ಲೋಕಧುನಿಯಿಂದ ಎದ್ದ ಹೊಸ ರಾಗಗಳು. 1965ರ ‘ಅನೂಪರಾಗವಿಲಾಸ’ದಲ್ಲಿ ಅವರ ಬಂದಿಶುಗಳು ಸಂಕಲನಗೊಂಡವು. ಕಾಯಿಲೆಯನ್ನು ವರವೆಂದು ಕೊಂಡಾಡುವ ಬರಹಗಳು ನನಗೆ ರುಚಿಸುವುದಿಲ್ಲ. ಅದು ಅವರ ಪ್ರಾಣವನ್ನೇ ಕೇಳಿತ್ತು. ಗಮನಿಸಬೇಕಾದದ್ದು, ಅನುಕರಣೆಯ ಜಾಣತನ ಒಲವಾಗಿ ಮಾಗಲು ಅವರಿಗೂ ಕೊರಳಿಗೆ ಮೀರಿದ ಕೇಳುವಿಕೆಯ ಕಾಲ ಬೇಕಾಯಿತು ಎಂಬುದು.

ಹೊರಗಿನ ಅಧ್ಯಯನಗಳ ಜೊತೆ

ಬೆಂಜಮಿನ್ ಬ್ಲೂಮ್ ಅವರ ತಂಡ ಅಮೆರಿಕದಲ್ಲಿ ಪಿಯಾನೋ ವಾದಕರು, ಶಿಲ್ಪಿಗಳು, ಈಜುಗಾರರು, ಗಣಿತಜ್ಞರು ಮೊದಲಾದ 120 ಪ್ರತಿಭಾವಂತರ ಬೆಳವಣಿಗೆಯನ್ನು ಪರಿಶೀಲಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನವೂ ಒಲವನ್ನು ಆರಂಭದ ಸ್ಥಿತಿ ಎಂದು ಕಾಣಲಿಲ್ಲ. ಮೊದಲ ಗುರು ದೊಡ್ಡ ವಿದ್ವಾಂಸನಾಗಿರದೆ ಅಕ್ಕರೆಯವನಾಗಿರುತ್ತಿದ್ದ. ಆಟದ ಹಂತ, ಶಿಸ್ತಿನ ಹಂತ, ತನ್ನದಾಗಿಸಿಕೊಳ್ಳುವ ಹಂತ ಒಂದಾದ ಮೇಲೊಂದು ಬರುತ್ತಿದ್ದವು. ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಪ್ರಕಟಿಸಿದ ಪ್ರಬಂಧ, ಒಬ್ಬರೇ ಕೂತು ಮಾಡುವ ಅಭ್ಯಾಸ ಅತ್ಯಂತ ಮುಖ್ಯವಾದರೂ ಅದು ತನ್ನಷ್ಟಕ್ಕೆ ಸುಖ ಕೊಡುವಂಥದ್ದಲ್ಲ ಎಂದಿತು.

ಎರಡೂ ನಮ್ಮ ಸಾಮಗ್ರಿಗೆ ಅರ್ಧ ಹೊಂದುತ್ತವೆ. ಬ್ಲೂಮರ ಮೂರು ಹಂತ ಮುಂದಕ್ಕೆ ಮಾತ್ರ ಸಾಗುತ್ತವೆ. ಮನಸೂರರು ಮೂರನೆಯದರಿಂದ ಎರಡನೆಯದಕ್ಕೆ ತಾವಾಗಿ ಇಳಿದರು. ಎರಿಕ್ಸನ್ ನೋಡಿದ್ದು ಒಂಟಿ ಅಭ್ಯಾಸವನ್ನು. ಕುಂದಗೋಳದಲ್ಲಿ ಅಂಥ ಒಂಟಿತನ ಕಡಿಮೆ. ಒಬ್ಬರ ಪಾಠವನ್ನು ಇನ್ನೊಬ್ಬರು ಪಕ್ಕದ ಪಡಸಾಲೆಯಲ್ಲಿ ಕೇಳುತ್ತಿದ್ದರು, ನೀರು ತರುವಾಗ, ಕಸ ಗುಡಿಸುವಾಗಲೂ ಸ್ವರ ಕಿವಿಗೆ ಬೀಳುತ್ತಿತ್ತು. ಭೀಮಸೇನರು ಗುರುವಿನ ಮನೆಗೆ ಕೊಡಗಟ್ಟಲೆ ನೀರು ಹೊತ್ತದ್ದನ್ನು ತಪಸ್ಸೆಂದು ವರ್ಣಿಸುವುದು ರೂಢಿ. ನೀರು ಹೊರುವುದರಿಂದ ಯಾರೂ ಗಾಯಕರಾಗುವುದಿಲ್ಲ. ಅಂಥ ಮನೆಗಳಲ್ಲಿ ಬರಿಯ ನೀರು ಹೊತ್ತೇ ಹೋದವರೂ ಇದ್ದರು, ಅವರ ದುಡಿಮೆಯನ್ನು ಹಗುರಾಗಿ ಕಾಣಬಾರದು. ಫಲ ಕೊಟ್ಟದ್ದು ಇಡೀ ದಿನ ಸರಿಯಾದ ಸ್ವರದ ನೆರೆಯಲ್ಲಿ ಇದ್ದದ್ದು. ತನ್ನ ಕೊರಳಿಗೆ ಸರದಿ ಬರುವ ಹೊತ್ತಿಗೆ ಕಿವಿ ಎಷ್ಟೋ ಗಂಟೆ ಕೆಲಸ ಮಾಡಿರುತ್ತಿತ್ತು.

ಇಂದಿನ ವ್ಯವಸ್ಥೆಯ ಕಷ್ಟ ಇಲ್ಲೇ ಇದೆ. ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗದಲ್ಲಿ ಮನಸೂರ, ಗಂಗೂಬಾಯಿಯವರಂಥವರೇ ಪಾಠ ಹೇಳಿದರು. ಆ ಭಾಗ್ಯ ಸಣ್ಣದಲ್ಲ. ಆದರೆ ಪದವಿಯ ಪಠ್ಯಕ್ರಮ ವರ್ಷಕ್ಕಿಷ್ಟು ರಾಗ ಎಂದು ಕೇಳುತ್ತದೆ, ಪ್ರತಿ ರಾಗದ ಆರೋಹ ಅವರೋಹ, ಒಂದು ಬಂದಿಶು, ನಾಲ್ಕು ತಾನು. ಪರೀಕ್ಷೆಗೆ ಅದು ಬೇಕು. ಒಂದು ಕೋಮಲ ರಿಷಭದ ಜೊತೆ ಮೂರು ವರ್ಷ ಕಳೆಯಲು ಅಲ್ಲಿ ಎಡೆಯಿಲ್ಲ. ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಗಂಗೂಬಾಯಿಯವರ ಹೆಸರಿನ ಗುರುಕುಲ, ಶಿಷ್ಯರು ಗುರುಗಳ ಜೊತೆಯಲ್ಲೇ ಇದ್ದು ಕಲಿಯುವ ಏರ್ಪಾಡನ್ನು ಮತ್ತೆ ತಂದದ್ದು ಈ ಕಾರಣಕ್ಕೆ ಮಹತ್ವದ್ದು. ಅಲ್ಲಿನ ಕಛೇರಿಗಳ ಜೊತೆಗೆ ನಿತ್ಯದ ತಾಲೀಮೂ ಧ್ವನಿಮುದ್ರಣವಾಗಬೇಕು: ಗುರು ಎಷ್ಟು ಸಲ ತಿದ್ದಿದರು, ಶಿಷ್ಯ ತಾನೇ ತಿದ್ದಿಕೊಳ್ಳತೊಡಗಿದ್ದು ಯಾವಾಗ ಎಂಬುದು ಕೇಳಿ ಹೇಳಬಹುದಾದಂತೆ. ಒಲವಿನ ಹುಟ್ಟನ್ನು ಅಳೆಯಲು ಇದಕ್ಕಿಂತ ಒಳ್ಳೆಯ ದಾಖಲೆ ನನಗೆ ತೋಚದು.

ಈ ಲೇಖನ ಉಳಿದವರ ಬಗ್ಗೆ ಮಾತ್ರ ಮಾತಾಡಿದೆ. ಕಿವಿ ಮುಂದೆ ಹೋಗಿ ಕೊರಳು ಹಿಂದೆ ಬಿದ್ದಾಗ ಬಿಟ್ಟುಹೋದವರ ಆತ್ಮಕಥನಗಳಿಲ್ಲ. ಆದರೆ ಅವರು ಸಂಗೀತದಿಂದಲೇ ಹೋಗಿಬಿಡಲಿಲ್ಲ. ಎರಡು ಮೂರು ವರ್ಷ ಕಲಿತು, ಶಾಲೆಯ ಮಾಸ್ತರಿಕೆಗೋ ರೈಲ್ವೆ ನೌಕರಿಗೋ ಸೇರಿ, ತಂಬೂರಿಯನ್ನು ಗೋಡೆಗೆ ತೂಗುಹಾಕಿದ ಎಷ್ಟೋ ಜನ ಹುಬ್ಬಳ್ಳಿ ಧಾರವಾಡಗಳಲ್ಲಿ ಇದ್ದರು, ಈಗಲೂ ಇದ್ದಾರೆ. ಹಣ್ಣಾದ ಕಿವಿ ಅವರ ಬಳಿ ಹಾಗೆಯೇ ಉಳಿಯಿತು. ಸವಾಯಿ ಗಂಧರ್ವರ ಪುಣ್ಯತಿಥಿಗೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಕೂತು, ಗಾಯಕಿ ಮಾರವಾದಲ್ಲಿ ರಿಷಭ ಹಚ್ಚಿದ ಕ್ಷಣಕ್ಕೆ “ವ್ಹಾ” ಎಂದು ಜಾಗ ಹಿಡಿದು ಹೇಳುತ್ತಿದ್ದವರಲ್ಲಿ ಇವರೂ ಇದ್ದರು. ಗಂಗೂಬಾಯಿಯವರ ಒರಟಾದ ದನಿಯನ್ನು ಇಂಪಿನ ನೆನಪು ಬಿಟ್ಟು ಕೇಳಬಲ್ಲ ಸಭೆಯೊಂದು ಈ ಸೀಮೆಯಲ್ಲಿ ಸಿದ್ಧವಾದದ್ದು ಇಂಥವರಿಂದ. ಮುಂದಿನ ಅಧ್ಯಯನ ಅವರ ಮನೆಗಳಿಂದ ಶುರುವಾಗಬೇಕು.